ನಡೆಯುವ ಮೊದಲೇ ನಡೆದ ಸನ್ಮಾನ

ಕೊಪ್ಪಳದಲ್ಲಿ ಬೆಳಗಿನ ಪತ್ರಿಕೆಯನ್ನು ಮೊದಲ ಪುಟದಿಂದ ಓದಲು ತೊಡಗುವ ಮನುಷ್ಯನನ್ನು ನಾನು ಇದುವರೆಗೆ ಕಂಡಿಲ್ಲ. ಜಗತ್ತಿನ ಯಾವ ಮೂಲೆಯಲ್ಲಿ ಯಾವ ಸಿಂಹಾಸನ ಉರುಳಿದ್ದರೂ ಅದು ನಮ್ಮ ಎರಡನೆಯ ಚಹಾದವರೆಗೆ ಕಾಯಬೇಕು. ಕೈ ತಾನಾಗಿಯೇ ಮೊದಲು ಹೋಗುವುದು ನಡುವಿನ ಜಿಲ್ಲಾ ಪುಟಕ್ಕೆ. ಗಂಗಾವತಿಯಲ್ಲಿ ಯಾರು ಸಸಿ ನೆಟ್ಟರು, ಕುಷ್ಟಗಿಯಲ್ಲಿ ಯಾರು ದೀಪ ಬೆಳಗಿದರು, ಯಲಬುರ್ಗಾದಲ್ಲಿ ಯಾರ ಕೊರಳಿಗೆ ಯಾರು ಹಾರ ಹಾಕಿದರು ಎಂಬ ಮಹತ್ತ್ವದ ಸಂಗತಿಗಳು ಅಲ್ಲಿರುತ್ತವೆ. ಹೆಬ್ಬೆರಳಿನಷ್ಟು ಅಗಲದ ಛಾಯಾಚಿತ್ರದಲ್ಲಿ ಹದಿನಾಲ್ಕು ಜನ ನಿಂತಿರುತ್ತಾರೆ. ಅವರಲ್ಲಿ ಒಬ್ಬರ ಬೆನ್ನ ಹಿಂದಿನಿಂದ ಇಣುಕಿದ ಮೊಣಕೈ ನನ್ನದೇ ಎಂದು ಗುರುತಿಸಿ ಇಡೀ ದಿನ ಹಿಗ್ಗಿದವನು ನಾನು. ನೀವೂ ಈ ಜಾತಿಯ ಓದುಗರಾಗಿದ್ದರೆ ಸಂಕೋಚಪಡಬೇಡಿ, ನನ್ನ ಪಕ್ಕದಲ್ಲಿ ಜಾಗವಿದೆ.

ಆ ಮೊಣಕೈಗೆ ಒಂದು ಹುದ್ದೆಯೂ ಉಂಟು. ಹೊಟ್ಟೆಪಾಡಿಗೆ ನಾನು ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ, ಆಫ್ರಿಕಾದ ನದಿಗಳೆಲ್ಲ ಕಂಠಪಾಠ. ಕೀರ್ತಿಪಾಡಿಗೆ ನಮ್ಮೂರ ಚಿತ್ರ ಸಂಘದ ಕಾರ್ಯದರ್ಶಿ. ತಿಂಗಳಿಗೊಂದು ಭಾನುವಾರ ಸಮುದಾಯ ಭವನದಲ್ಲಿ ಬಿಳಿಯ ಪರದೆ ಕಟ್ಟಿ, ಪ್ಲಾಸ್ಟಿಕ್ ಕುರ್ಚಿ ಹಾಕಿ, ಲ್ಯಾಪ್‌ಟಾಪಿಗೆ ಪ್ರೊಜೆಕ್ಟರ್ ಜೋಡಿಸಿ ಸದಭಿರುಚಿಯ ಚಿತ್ರ ತೋರಿಸುವುದು ಸಂಘದ ವ್ರತ. ಸದಭಿರುಚಿ ಎಂದರೆ ಬಹುಮಟ್ಟಿಗೆ ಹಿಮ. ಒಬ್ಬ ಪರದೇಶದ ಮುದುಕ ಎರಡು ಗಂಟೆ ಹಿಮದಲ್ಲಿ ನಡೆಯುತ್ತಾನೆ, ಯಾಕೆ ನಡೆಯುತ್ತಾನೆಂದು ಅವನಿಗೂ ಗೊತ್ತಿರುವುದಿಲ್ಲ, ನಮಗೂ ತಿಳಿಯುವುದಿಲ್ಲ. ನಮ್ಮ ಬೇಸಿಗೆಯ ಧಗೆಯಲ್ಲಿ ಕೂತು ಅದನ್ನು ನೋಡುವುದೇ ಒಂದು ತಪಸ್ಸು. ಒಮ್ಮೆ ಗಿಣಿಗೇರಾದಲ್ಲಿ ಪ್ರದರ್ಶನ ಇಟ್ಟಾಗ ಕಾರ್ಖಾನೆಯ ಪಾಳಿ ಮುಗಿಸಿ ಬಂದ ನೂರಾರು ಕಾರ್ಮಿಕರು ಮೊದಲ ಹತ್ತು ನಿಮಿಷದಲ್ಲೇ ಕತ್ತಲೆಯ ತಂಪಿಗೆ ನಿದ್ದೆ ಹೋದರು. ‘ಪ್ರೇಕ್ಷಕರು ಉಸಿರು ಬಿಗಿಹಿಡಿದು ಮೌನವಾಗಿ ಚಿತ್ರವನ್ನು ಆಸ್ವಾದಿಸಿದರು’ ಎಂದಿತ್ತು ನನ್ನ ವರದಿ. ಮೌನವೊಂದು ನಿಜ, ಉಸಿರನ್ನಂತೂ ಅವರು ಬಿಗಿಹಿಡಿದಿರಲಿಲ್ಲ, ಗೊರಕೆ ಬಾಗಿಲಾಚೆಗೂ ಕೇಳುತ್ತಿತ್ತು.

ವರದಿಯ ಮಾತು ಬಂದಿತಲ್ಲ, ನಮ್ಮ ಕಡೆಯ ಒಂದು ಸಂಪ್ರದಾಯವನ್ನು ನಿಮಗೆ ಹೇಳಲೇಬೇಕು. ಭಾನುವಾರ ಜಿಲ್ಲಾ ಪುಟವನ್ನು ಬೇಗ ಕಟ್ಟಿ ಕಳಿಸುತ್ತಾರೆ. ನಮ್ಮ ಪ್ರದರ್ಶನ ಶುರುವಾಗುವುದು ಸಂಜೆ ಐದಕ್ಕೆ. ಪತ್ರಿಕೆಯ ವರದಿಗಾರ ವಿರೂಪಾಕ್ಷಿಗೆ ಸುದ್ದಿ ಬೇಕಾಗುವುದು ಮಧ್ಯಾಹ್ನ ಮೂರಕ್ಕೆ. ಆದ್ದರಿಂದ ಸಂಜೆ ನಡೆಯಲಿರುವುದನ್ನು ಮಧ್ಯಾಹ್ನ ಊಟವಾದ ಮೇಲೆ ಕೂತು, ನಡೆದುಹೋಯಿತೆಂದೇ ಬರೆದು ಕಳಿಸುವುದು ವಾಡಿಕೆ. ನಾನೊಬ್ಬನೇ ಅಲ್ಲ, ಊರಿನ ಎಲ್ಲ ಸಂಘಗಳ ಎಲ್ಲ ಕಾರ್ಯದರ್ಶಿಗಳೂ ಹೀಗೆಯೇ ಮಾಡುತ್ತಾರೆ, ಯಾರಿಗೂ ಇದು ಸುಳ್ಳೆನಿಸಿಲ್ಲ. ಅತಿಥಿಗಳು ಏನು ಮಾತಾಡುತ್ತಾರೆಂದು ಹೇಗೆ ಗೊತ್ತು ಎನ್ನುತ್ತೀರಾ? ಅತಿಥಿಗಳಿಗೇ ಗೊತ್ತಿರುವುದಿಲ್ಲ; ಮರುದಿನ ಪತ್ರಿಕೆ ನೋಡಿ, ತಾವು ಇಷ್ಟು ಚೆನ್ನಾಗಿ ಮಾತಾಡಿದೆವೇ ಎಂದು ಬೆರಗಾಗಿ ನನಗೆ ಫೋನು ಮಾಡಿದವರಿದ್ದಾರೆ. ಈ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ ಯಾರ ಕಣ್ಣಲ್ಲಿ ಎಷ್ಟು ಹನಿ ನೀರು ಬರಬೇಕೆಂಬುದನ್ನು ಸಹ ಎರಡೂವರೆಗೇ ನಿಶ್ಚಯಿಸಿಬಿಡುತ್ತಿದ್ದೆ.

ನನ್ನ ಮನೆಯಲ್ಲೇ ಒಂದು ಪ್ರತಿಸ್ಪರ್ಧಿ ಸುದ್ದಿಸಂಸ್ಥೆ ಇದೆ. ಅದನ್ನು ನಡೆಸುವವಳು ನನ್ನ ಹೆಂಡತಿ ಸುಮಂಗಲಾ, ಅದರ ಪ್ರಧಾನ ಕಚೇರಿ ಬೆಳಗ್ಗೆ ಎಂಟಕ್ಕೆ ಓಣಿಗೆ ಬರುವ ಕಾಯಿಪಲ್ಯೆಯ ಗಾಡಿ. ಒಂದು ಕಟ್ಟು ಮೆಂತ್ಯೆ ಆರಿಸುವಷ್ಟರಲ್ಲಿ ಆಕೆ ಆರು ಓಣಿಗಳ ವರ್ತಮಾನವನ್ನು ಮೂಲಸಮೇತ, ಸಾಕ್ಷಿಸಮೇತ ಸಂಗ್ರಹಿಸಿ ತರುತ್ತಾಳೆ. ಆಕೆಯ ಸುದ್ದಿಗಳಲ್ಲಿ ದೀಪ ಬೆಳಗುವುದಿಲ್ಲ, ಯಾರೂ ಕರೆ ನೀಡುವುದಿಲ್ಲ. ಅದನ್ನು ನಾನು ಗಾಳಿಮಾತೆಂದು ಹಗುರಾಗಿ ಕಾಣುತ್ತಿದ್ದೆ, ನನ್ನದನ್ನು ಪತ್ರಿಕೋದ್ಯಮವೆಂದು ತಿಳಿದಿದ್ದೆ.

ಹೀಗಿರುವಾಗ ನಮ್ಮ ಸಂಘದ ಸಭೆಯಲ್ಲಿ ಯಾರನ್ನಾದರೂ ಸನ್ಮಾನಿಸಬೇಕೆಂಬ ಆಲೋಚನೆ ಹುಟ್ಟಿತು. ಗಂಗಾವತಿ, ಕುಷ್ಟಗಿಗಳ ಟಾಕೀಜುಗಳಲ್ಲಿ ಮೂವತ್ತು ವರ್ಷ ಮಶೀನು ಓಡಿಸಿದ ಯಮನೂರಪ್ಪ ನಮ್ಮ ಮನೆಯಿಂದ ಎರಡು ಓಣಿ ಆಚೆ ಮಗಳ ಮನೆಯಲ್ಲಿದ್ದರು. ಟಾಕೀಜುಗಳ ಕಾಲ ಮುಗಿದು, ಒಂದು ಕಲ್ಯಾಣಮಂಟಪವಾಗಿ ಇನ್ನೊಂದು ಗೋದಾಮಾದ ಮೇಲೆ ಅವರಿಗೆ ಉಳಿದದ್ದು ಓಣಿಯ ಬಾಯಲ್ಲಿ ‘ಆಪರೇಟರ್’ ಎಂಬ ಹೆಸರು, ಚಹಾದಂಗಡಿಯಲ್ಲಿ ಗೋಡೆಯ ಪಕ್ಕದ ಕುರ್ಚಿ. ಮೂವತ್ತು ವರ್ಷದಲ್ಲಿ ಒಮ್ಮೆಯೂ ರೀಲು ಹಿಂದುಮುಂದು ಹಾಕದವರು ಎಂಬ ಖ್ಯಾತಿ ಅವರದು. ನಾನೇ ಹೋಗಿ ಆಮಂತ್ರಿಸಿದೆ. ಅವರು ಏನೋ ಹೇಳಲು ಬಾಯಿ ತೆರೆದರು, ನಾನು ಕೈಗಡಿಯಾರ ನೋಡಿಕೊಂಡು, ಎರಡು ಮಾತಾಡಿದರೆ ಸಾಕು ಎಂದು ಹೇಳಿ ಅವರದೊಂದು ಹಳೆಯ ಪಾಸ್‌ಪೋರ್ಟ್ ಅಳತೆಯ ಚಿತ್ರ ಇಸಿದುಕೊಂಡು ಬಂದೆ.

ಆ ಭಾನುವಾರ ಮಧ್ಯಾಹ್ನ ನನ್ನ ಲೇಖನಿಗೆ ಎಂದೂ ಇಲ್ಲದ ಸ್ಫೂರ್ತಿ ಬಂತು. ಕಿಕ್ಕಿರಿದ ಸಭಾಂಗಣ, ಕರತಾಡನ, ಶಾಲು, ಹಾರ. ‘ಸನ್ಮಾನಕ್ಕೆ ಉತ್ತರಿಸಿದ ಯಮನೂರಪ್ಪ ಅವರು, ಚಲನಚಿತ್ರವು ಸಮಾಜದ ಪ್ರತಿಬಿಂಬವಾಗಿದ್ದು ಯುವಪೀಳಿಗೆ ಸದಭಿರುಚಿಯ ಚಿತ್ರಗಳನ್ನು ವೀಕ್ಷಿಸುವ ಮೂಲಕ ಮೌಲ್ಯಗಳನ್ನು ಮೈಗೂಡಿಸಿಕೊಳ್ಳಬೇಕೆಂದು ಕರೆ ನೀಡಿ, ಒಂದು ಕ್ಷಣ ಗದ್ಗದಿತರಾದರು.’ ಗದ್ಗದಿತರಾದ ಮೇಲೆ ನನಗೇ ಕಣ್ಣು ಒದ್ದೆಯಾಯಿತು. ಕಳಿಸಿ, ಅರ್ಧ ಗಂಟೆ ಮಲಗಿ ಎದ್ದು ಭವನಕ್ಕೆ ಹೋದೆ.

ಭವನಕ್ಕೆ ಬೀಗ. ಕೀಲಿಕೈ ಕಾಯುವ ಮನುಷ್ಯ ಮೊಮ್ಮಗನ ಜವಳ ತೆಗೆಸಲು ಸಂಸಾರಸಮೇತ ಹುಲಿಗಿಗೆ ಹೋಗಿದ್ದ, ಕೀಲಿಕೈ ಅವನ ಉಡಿದಾರದಲ್ಲಿ ಇತ್ತು, ಅವನ ಫೋನು ವ್ಯಾಪ್ತಿ ಪ್ರದೇಶದ ಹೊರಗಿತ್ತು. ಅವನಿಗೆ ಶನಿವಾರವೇ ಹೇಳಿ ಕೀಲಿಕೈ ಇಸಿದುಕೊಳ್ಳಬೇಕಾದವನು ಕಾರ್ಯದರ್ಶಿ, ಎಂದರೆ ನಾನು. ಬಂದ ಹತ್ತು ಹದಿನೈದು ಜನ ಬೀಗ ನೋಡಿ, ನನ್ನನ್ನು ನೋಡಿ, ಒಬ್ಬೊಬ್ಬರಾಗಿ ಕರಗಿದರು. ಇಸ್ತ್ರಿಯ ಧೋತರ, ಬಿಳಿಯ ಟೋಪಿ ತೊಟ್ಟ ಯಮನೂರಪ್ಪ ಮತ್ತು ಇಳಕಲ್ ಸೀರೆಯುಟ್ಟ ಅವರ ಹೆಂಡತಿ ಹುಲಿಗೆವ್ವ ಮೆಟ್ಟಿಲ ಮೇಲೆ ಒಂದು ತಾಸು ಕೂತರು. ನಾನು ಬಗಲಲ್ಲಿ ಶಾಲಿನ ಚೀಲ ಹಿಡಿದು ಅತ್ತಿಂದಿತ್ತ ತಿರುಗುತ್ತಿದ್ದೆ. ಕೊನೆಗೆ ಯಮನೂರಪ್ಪನವರೇ ಎದ್ದು ನನ್ನನ್ನು ಸಮಾಧಾನ ಮಾಡಿದರು. "ಇರ್ಲಿ ಬಿಡ್ರಿ ಸರ, ಇನ್ನೊಮ್ಮೆ ಮಾಡಿದ್ರಾತು. ಕರೆಂಟ್ ಹೋಗಿ ಶೋ ನಿಂತಿದ್ದು ನಾವು ಎಷ್ಟ್ ನೋಡಿಲ್ಲ."

ಮನೆಗೆ ಬಂದು ಕೈಕಾಲು ತೊಳೆಯುವಾಗ ವರದಿಯ ನೆನಪಾಯಿತು. ವಿರೂಪಾಕ್ಷಿಗೆ ಫೋನು ಮಾಡಿದರೆ, ಪುಟ ಆಗಲೇ ಹೋಗಿತ್ತು. ನಾನು ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ಹೆದರಿಕೆಯ ಜೊತೆಗೇ ನನಗೊಂದು ಗುಟ್ಟಿನ ಸಂತೋಷವೂ ಆಯಿತು. ಕಾರ್ಯಕ್ರಮ ಹಾಳಾದರೇನು, ಸುದ್ದಿಯಾದರೂ ಬಚಾವಾಯಿತಲ್ಲ!

ಮರುದಿನ ಅದು ಬಂತು, ಮೂರು ಕಾಲಂ ಅಗಲಕ್ಕೆ, ಪಾಸ್‌ಪೋರ್ಟ್ ಚಿತ್ರದೊಂದಿಗೆ. ಅಷ್ಟು ದೊಡ್ಡದಾಗಿ ನಮ್ಮ ಸಂಘದ ಸುದ್ದಿ ಹಿಂದೆಂದೂ ಬಂದಿರಲಿಲ್ಲ. ಓಣಿಯ ವಾಟ್ಸಾಪ್ ಗುಂಪಿನಲ್ಲಿ ಕೈಮುಗಿದ ಚಿಹ್ನೆಗಳೂ ಹೂಗುಚ್ಛಗಳೂ ಸುರಿದವು. ನಾನು ಕತ್ತರಿಸಿ ಕಡತಕ್ಕೆ ಅಂಟಿಸಿದೆ.

ಗುರುವಾರ ಬೆಳಗ್ಗೆ ಸುಮಂಗಲಾ ಕಾಯಿಪಲ್ಯೆಯ ಬುಟ್ಟಿಯನ್ನು ನನ್ನ ಮುಂದೆ ಕುಕ್ಕಿದ ರೀತಿಯಲ್ಲೇ ಸುದ್ದಿ ಗಂಭೀರವಾದದ್ದೆಂದು ತಿಳಿಯಿತು. "ನೀವು ಮಾಡಿದ್ದಕ್ಕ ಆ ಮನಷ್ಯಾ ಹೊರಗ ಬರೂದು ಬಿಟ್ಟಾನಂತ. ಚಾದಂಗಡ್ಯಾಗ ಎಲ್ರೂ ಕೂಡಿ ‘ಆಪರೇಟರಾ, ಶಾಲು ತೋರ್ಸು, ಶಾಲು ತೋರ್ಸು’ ಅಂತ ಕಾಡ್ಯಾರ. ಬೀಗಾ ನೋಡಿ ಬಂದೋರು ಅದೇ ಓಣ್ಯಾಗ ಅದಾರಲ್ರಿ! ‘ವಯಸ್ಸಾದ ಮ್ಯಾಲ ಪೇಪರ್‌ನಾಗ ಸುಳ್ಳ ಬರ್ಸಿಕೊಂಡಾನ’ ಅಂತ ಮಾತಾಡಾಕತ್ಯಾರ. ಹುಲಿಗೆವ್ವ ಗಾಡಿ ಮುಂದ ನಿಂತು ಕಣ್ಣಾಗ ನೀರು ತಂದ್ಲು."

ಗದ್ಗದಿತರಾಗುವ ಕೆಲಸವನ್ನು ನಾನು ಗಂಡನಿಗೆ ವಹಿಸಿದ್ದೆ. ಅದನ್ನು ಹೆಂಡತಿ ನಿಜವಾಗಿ ಮಾಡಿದ್ದಳು. ಮೂವತ್ತು ವರ್ಷ ಒಂದು ರೀಲನ್ನೂ ತಪ್ಪಾಗಿ ಹಾಕದ ಮನುಷ್ಯನ ಹೆಸರನ್ನು ನಾನು ಊಟದ ನಂತರದ ಅರ್ಧ ಗಂಟೆಯಲ್ಲಿ ಹಾಳು ಮಾಡಿದ್ದೆ. ನನಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ.

ನಾಚಿಕೆಯಾದ ಕೂಡಲೇ ಎದ್ದು ಹೋಗಿ ಕ್ಷಮೆ ಕೇಳಿದೆನೆಂದು ನೀವು ಭಾವಿಸಿದ್ದರೆ ನನ್ನ ಪರಿಚಯ ನಿಮಗೆ ಇನ್ನೂ ಸಾಲದು. ನಾನು ಮೊದಲು ಮಾಡಿದ್ದು ಒಂದು ಸ್ಪಷ್ಟೀಕರಣ ಬರೆಯಲು ಕೂತದ್ದು. ‘ಅನಿವಾರ್ಯ ಕಾರಣಗಳಿಂದ’ ಎಂದು ಆರಂಭಿಸಿ, ‘ಕಣ್ತಪ್ಪಿನಿಂದ’ ಎಂಬಲ್ಲಿ ಹಾದು, ‘ವಿಷಾದಿಸುತ್ತದೆ’ ಎಂದು ಮುಗಿಯುವ ಆ ಗದ್ಯವನ್ನು ಎರಡು ದಿನ ತಿದ್ದಿದೆ. ವಿಷಾದಿಸುವುದು ಸಂಘ, ನಾನು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಅದನ್ನೋದಿದ ವಿರೂಪಾಕ್ಷಿ ಫೋನಿನಲ್ಲಿ ಅಳುವುದೊಂದು ಬಾಕಿ. "ಸರ, ಇದನ್ನ ಹಾಕಿದ್ರ ನಾ ಮನೀಗೇ ಹೊಂಟೆ. ನಡೀಲಾರದ್ದು ಹೆಂಗ ಬಂತು ಅಂತ ಕೇಳಿದ್ರ ಏನ್ ಹೇಳ್ಲಿ? ನೀವ ಹೋಗಿ ಒಂದ್ ಮಾತ್ ಹೇಳ್ರಿ, ಮುಗೀತೈತಿ."

ಎರಡು ಓಣಿಯ ದೂರವನ್ನು ಕ್ರಮಿಸಲು ಆಫ್ರಿಕಾದ ನದಿಗಳನ್ನು ಬಲ್ಲವನಿಗೆ ಮತ್ತೂ ಒಂದು ದಿನ ಹಿಡಿಯಿತು. ಭಾನುವಾರ ಬೆಳಗ್ಗೆ ಸುಮಂಗಲಾ ಶಾಲಿನ ಚೀಲವನ್ನು ಕೈಗಿತ್ತು ಬಾಗಿಲಿಕ್ಕಿಕೊಂಡಳು. ಯಮನೂರಪ್ಪ ಕಟ್ಟೆಯ ಒಳಬದಿಯಲ್ಲಿ, ಓಣಿಗೆ ಕಾಣದ ಹಾಗೆ ಕೂತಿದ್ದರು. ಹುಲಿಗೆವ್ವ ಚಾಪೆ ಹಾಸಿ, "ಬರ್ರಿ, ಕುಂದರ್ರಿ" ಎಂದಳು, ದನಿಯಲ್ಲಿ ಮಾತ್ರ ಚಾಪೆ ಇರಲಿಲ್ಲ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ವಾಕ್ಯಗಳೆಲ್ಲ ಎಲ್ಲೋ ಉದುರಿಹೋಗಿದ್ದವು. ತಪ್ಪಾಯಿತೆಂದೆ. ನಡೆಯುವ ಮೊದಲೇ ಬರೆದೆ, ನಾನೇ ಬರೆದೆ, ಬೀಗ ನೋಡಿದ ಮೇಲೂ ತಡೆಯಲು ತಡಮಾಡಿದೆ ಎಂದೆ.

ಯಮನೂರಪ್ಪ ಮಡಿಚಿಟ್ಟ ಪತ್ರಿಕೆಯನ್ನು ತೆಗೆದು, "ಪೇಪರ್‌ನಾಗಿನ ಯಮನೂರಪ್ಪ ಭಾಳ ಛಲೋ ಮಾತಾಡ್ಯಾನ್ರಿ ಸರ. ನನಗ ಹಂಗ ಬರಂಗಿಲ್ಲ" ಎಂದರು.

ವ್ಯಂಗ್ಯವೆಂದುಕೊಂಡೆ, ಮುಖ ನೋಡಿದರೆ ವ್ಯಂಗ್ಯ ಇರಲಿಲ್ಲ. ಅಷ್ಟರ ಮೇಲೆ, ಆಮಂತ್ರಣದ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ನಾನು ಕೇಳಿದೆ. ಅಂದು ಬಾಗಿಲು ತೆರೆದಿದ್ದರೆ ನೀವು ಏನು ಹೇಳುವವರಿದ್ದಿರಿ?

ಯಮನೂರಪ್ಪ ಹೆಂಡತಿಯ ಕಡೆ ನೋಡಿದರು. "ಎರಡ ಮಾತಂದಿದ್ರಿ, ಎರಡ ಇಟಕೊಂಡಿದ್ದೆ. ಮೂವತ್ತ ವರ್ಷ ಸಿನಿಮಾ ಓಡ್ಸೀನ್ರಿ, ಒಂದನ್ನೂ ಪೂರ್ತಿ ನೋಡಿಲ್ಲ. ಕಣ್ಣು ಮಶೀನಿನ ಮ್ಯಾಲ, ಅದರ ದೀಪದ ಕಾರ್ಬನ್ ಕಡ್ಡಿ ಮ್ಯಾಲ. ಮಂದಿ ನಕ್ರ ಕಾಮಿಡಿ ಬಂತು ಅಂತ ತಿಳೀತಿತ್ತು, ಮೂಗು ಏರ್ಸಿದ್ರ ತಾಯಿ ಸತ್ಲು ಅಂತ ತಿಳೀತಿತ್ತು. ಕಡೀ ರೀಲ್ ಓಡೂಮುಂದ ನಾ ಮೊದಲ್ನೇ ರೀಲ್ ಸುತ್ತಕೋತ ನಿಂತಿರ್ತಿದ್ದೆ, ಮುಂದಿನ ಶೋಕ್ಕ ಬೇಕಲ್ರಿ. ಯಾವ ಪಿಚ್ಚರ್ ಹೆಂಗ ಮುಗೀತು, ದೇವರಾಣಿ ಗೊತ್ತಿಲ್ಲ. ಈಕಿ ಬುತ್ತಿ ತಂದಾಗ ಕ್ಯಾಬಿನ್ ಕಿಂಡ್ಯಾಗ ಚೂರು ನೋಡ್ತಿದ್ಲು. ಕೆಳಗ ಮಂದ್ಯಾಗ ಇಬ್ರೂ ಬಾಜೂಕ ಕುಂತು ಮೊದ್ಲಿಂದ ಕಡೀತನಕ ಒಂದು ನೋಡೂದಿತ್ತು. ಶಾಲು ಬ್ಯಾಡ್ರಿ, ಎರಡು ಕುರ್ಚಿ ಕೊಡ್ರಿ ಅಂತ ಹೇಳಾಂವಿದ್ದೆ."

ಚಲನಚಿತ್ರವು ಸಮಾಜದ ಪ್ರತಿಬಿಂಬ ಎಂಬ ನನ್ನ ವಾಕ್ಯ ಆ ಪತ್ರಿಕೆಯಲ್ಲಿ ಅವರ ಮೊಣಕಾಲ ಮೇಲೆ ಬಿದ್ದಿತ್ತು. ಅದನ್ನು ನಾನು ಓದಲಾರದೆ ಮಡಿಚಿಟ್ಟೆ.

ಮೊದಲು ಹೆಸರಿನ ಲೆಕ್ಕ ತೀರಬೇಕಿತ್ತು. ಅಲ್ಲಿಂದ ಅವರನ್ನು ಕರೆದುಕೊಂಡೇ ಚಹಾದಂಗಡಿಗೆ ಹೋದೆ. ತರಗತಿಯಲ್ಲಿ ಎಂಬತ್ತು ಹುಡುಗರೆದುರು ನಿಲ್ಲುವ ನಾನು ಒಂಬತ್ತು ಗ್ಲಾಸು ಚಹಾದೆದುರು ನಿಂತೆ. ಆ ಸುದ್ದಿ ಬರೆದವನು ನಾನು, ಮಧ್ಯಾಹ್ನ ಎರಡೂವರೆಗೆ ಬರೆದೆ, ಇವರಿಗೆ ಅದರ ಗಂಧವೂ ಇರಲಿಲ್ಲ, ಶಾಲು ಇಗೋ ನನ್ನ ಚೀಲದಲ್ಲೇ ಇದೆ ಎಂದು ತೆಗೆದು ತೋರಿಸಿದೆ. ಹಿರಿಯರೊಬ್ಬರು ಕೇಳಿದರು: "ಹಂಗಾರ ಮಾಸ್ತರ, ಹ್ವಾದ ವರ್ಷ ನಾ ನಿಮ್ಮ ಸಂಘದಾಗ ಭಾಷಣ ಮಾಡಿದ್ದು ಪೇಪರ್‌ನಾಗ ಬಂದಿತ್ತಲ್ಲ, ಅದಾದ್ರೂ ಖರೇನೋ, ಅದೂ ನೀವ ಮಾಡಿದ್ದೋ?" ಅಂಗಡಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಂದಿನಿಂದ ಆ ಓಣಿಯಲ್ಲಿ ನನ್ನನ್ನು ಕಂಡರೆ, ನಾಳೆ ಏನೇನು ನಡೆದಿದೆ ಎಂದು ಕೇಳುವುದು ರೂಢಿಯಾಗಿದೆ. ಯಮನೂರಪ್ಪನವರು ಮಾತ್ರ ಗೋಡೆಯ ಪಕ್ಕದ ತಮ್ಮ ಕುರ್ಚಿಯಲ್ಲಿ ಮತ್ತೆ ಕೂತರು, ಅವರ ಮುಂದೆ ಚಹಾ ಬಂತು.

ಮುಂದಿನ ತಿಂಗಳ ಭಾನುವಾರದ ಪ್ರದರ್ಶನಕ್ಕೆ ಕೀಲಿಕೈಯನ್ನು ಗುರುವಾರವೇ ತಂದು ನನ್ನ ಜನಿವಾರ, ಉಡಿದಾರ ಯಾವುದೂ ನಂಬಲರ್ಹವಲ್ಲವೆಂದು ಸುಮಂಗಲಾಳ ಸೆರಗಿಗೆ ಕಟ್ಟಿಸಿದೆ. ಹಿಮದ ಮುದುಕನಿಗೆ ರಜೆ ಕೊಟ್ಟು, ಯಮನೂರಪ್ಪನವರೇ ಹೇಳಿದ ಹಳೆಯ ಕಪ್ಪುಬಿಳುಪಿನ ಚಿತ್ರವನ್ನು ತರಿಸಿದ್ದೆವು. ಕುಷ್ಟಗಿಯಲ್ಲಿ ಅವರು ಅದನ್ನು ವಾರಗಟ್ಟಲೆ ಓಡಿಸಿದ್ದರು. ಅಗಲಿದ ಅಣ್ಣತಂಗಿಯರು ಕೊನೆಗೆ ಕೂಡುತ್ತಾರೋ ಇಲ್ಲವೋ ಎಂಬುದು ಅವರಿಗೆ ಅಂದಿನಿಂದ ಉಳಿದಿದ್ದ ಸಂಶಯ. ದೀಪ ಬೆಳಗಲಿಲ್ಲ, ಅತಿಥಿ ಇರಲಿಲ್ಲ. ನಡುವಿನ ಸಾಲಿನಲ್ಲಿ ಎರಡು ಕುರ್ಚಿ ಒರೆಸಿ ಇಟ್ಟೆ.

ಅರ್ಧ ಚಿತ್ರದಲ್ಲಿ, ನಮ್ಮ ಲ್ಯಾಪ್‌ಟಾಪಿನ ಸಂಪ್ರದಾಯದಂತೆ, ಪರದೆಯ ಮೇಲಿನ ತಂಗಿ ಕಣ್ಣೀರು ಒರೆಸುತ್ತ ಹಾಗೆಯೇ ನಿಂತುಬಿಟ್ಟಳು. ಯಮನೂರಪ್ಪ ತಟ್ಟನೆ ಎದ್ದು ನಿಂತರು, ಕಾಲು ಆಗಲೇ ಹಿಂದಕ್ಕೆ ತಿರುಗಿತ್ತು. ಹುಲಿಗೆವ್ವ ಧೋತರದ ಚುಂಗು ಹಿಡಿದು ಜಗ್ಗಿದಳು. "ಕುಂದರ್ರಿ ಸುಮ್ನ. ಅದಕ್ಕ ಬ್ಯಾರೆದಾರು ಅದಾರ." ಅವರು ಕೂತರು. ತಂಗಿ ಮತ್ತೆ ಅಳತೊಡಗಿದಳು.

ನನ್ನ ಜೇಬಿನಲ್ಲಿ ಫೋನು ಗುರುಗುಟ್ಟಿತು. ಬಾಗಿಲ ಬಳಿ ಹೋಗಿ ಕಿವಿಗಿಟ್ಟರೆ ವಿರೂಪಾಕ್ಷಿ. "ಸರ, ನಿಮ್ಮ ಸಲುವಾಗಿ ಇಷ್ಟೊತ್ತು ಜಾಗಾ ಹಿಡ್ದೀನಿ, ಪುಟಾ ಹೊಂಟೈತಿ. ನ್ಯೂಸ್ ಕಳ್ಸಲಿಲ್ಲಲ್ರಿ?"

"ಇನ್ನೂ ಮುಗಿದಿಲ್ಲಪ್ಪ" ಎಂದೆ.

"ಮುಗಿಯೂದ್ರಾಗ ಏನೈತ್ರಿ ಸರ, ನೀವು ಯಾವಾಗ್ಲೂ ಮೊದ್ಲ ಕಳ್ಸೋರು."

ಹನ್ನೊಂದು ವರ್ಷದಿಂದ ಕಾರ್ಯದರ್ಶಿಯಾಗಿದ್ದ ನಾನು ತಿಂಗಳಿಗೊಂದು ಚಿತ್ರ ತೋರಿಸಿದ್ದೆ. ಕುರ್ಚಿ ಎಣಿಸುತ್ತ, ಅತಿಥಿಗಳನ್ನು ಕಾರಿನವರೆಗೆ ಬೀಳ್ಕೊಡುತ್ತ, ಪತ್ರಿಕೆಗೆ ಕಳಿಸಲು ಫೋಟೋ ತೆಗೆಯುತ್ತ ಒಂದನ್ನೂ ಪೂರ್ತಿ ನೋಡಿರಲಿಲ್ಲ. ಆ ಮುದುಕ ಹಿಮದಲ್ಲಿ ಎಲ್ಲಿಗೆ ತಲುಪಿದನೆಂದು ನಾನೂ ಪತ್ರಿಕೆಯಲ್ಲಿ ಬರೆದಿದ್ದೆನೇ ಹೊರತು ಕಂಡವನಲ್ಲ. ಫೋನು ಆರಿಸಿ, ಹಿಂದಿನ ಸಾಲಿನಲ್ಲಿ ಸುಮಂಗಲಾಳ ಪಕ್ಕದ ಕುರ್ಚಿಯಲ್ಲಿ ಕೂತೆ. ಆಕೆ ನನ್ನ ಕಡೆ ತಿರುಗಿ ನೋಡಲಿಲ್ಲ, ಸೆರಗು ಸ್ವಲ್ಪ ಸರಿಸಿ ಜಾಗ ಮಾಡಿಕೊಟ್ಟಳು.

ಅಣ್ಣತಂಗಿಯರು ಕೂಡಿದರು. ದೀಪ ಹತ್ತಿತು, ಕುರ್ಚಿಗಳು ಸದ್ದು ಮಾಡಿದವು, ಜನ ಎದ್ದರು. ನಡುವಿನ ಸಾಲಿನ ಇಬ್ಬರು ಏಳಲಿಲ್ಲ. ಪರದೆಯ ಮೇಲೆ ಇನ್ನೂ ‘ಶುಭಂ’ ನಿಂತಿತ್ತು, ಯಮನೂರಪ್ಪ ಅದರ ಅಕ್ಷರ ಒಂದೊಂದನ್ನೇ ತುಟಿಯಲ್ಲಿ ಓದಿಕೊಳ್ಳುತ್ತಿದ್ದರು.

ಮರುದಿನ ಬೆಳಗ್ಗೆ ರೂಢಿಯಂತೆ ಕೈ ಜಿಲ್ಲಾ ಪುಟಕ್ಕೆ ಹೋಯಿತು. ನಮ್ಮದು ಒಂದು ಸಾಲೂ ಇರಲಿಲ್ಲ. ನಡೆದದ್ದನ್ನು ನಡೆದ ಮೇಲೆ ಬರೆದು ಜನ್ಮದಲ್ಲಿ ಮೊದಲ ಬಾರಿಗೆ ಆ ರಾತ್ರಿ ಕಳಿಸಿದ್ದೆ. ಪುಟ ಆಗಲೇ ಹೋಗಿತ್ತು; ನಾಳೆಗಾದರೂ ಹಾಕೆಂದು ವಿರೂಪಾಕ್ಷಿಯನ್ನು ಕೇಳಿದರೆ, ಯಮನೂರಪ್ಪನ ಸುದ್ದಿ ಹೋದ ಸಲವೇ ಬಂದುಹೋಗಿದೆ, ಮತ್ತೊಮ್ಮೆ ಹಾಕಲಾಗದು ಎಂದು ಪತ್ರಿಕೆಯ ಮೇಲಿನವರು ಹೇಳಿದರಂತೆ. ಪುಟ ಮಡಿಚಿಡುವಷ್ಟರಲ್ಲಿ ಸುಮಂಗಲಾ ಗಾಡಿಯಿಂದ ಮೆಂತ್ಯೆ ತಂದಳು. ಹುಲಿಗೆವ್ವ ಇವತ್ತು ಗಾಡಿಗೆ ಎಲ್ಲರಿಗಿಂತ ಮೊದಲು ಬಂದಿದ್ದಳಂತೆ. ಏನೂ ಕೊಳ್ಳಲಿಲ್ಲವಂತೆ. ಬಂದವರಿಗೆಲ್ಲ, ಕೇಳಿದವರಿಗೂ ಕೇಳದವರಿಗೂ, ಒಂದೇ ಮಾತು ಹೇಳುತ್ತಿದ್ದಳಂತೆ:

"ನಮ್ಮನಿಯಾವ್ರು ನಿನ್ನೆ ಕಡೀತನಕ ಕುಂತಿದ್ರವಾ, ನನ್ನ ಬಾಜೂಕ."